ಸೆಲ್ಫ್ ತಿರುಗುತ್ತೆ, ಇಂಜಿನ್ ಎತ್ಕೊಳ್ಳಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾರ್, ನಮ್ಮದು ಹಳೇ ಪೆಟ್ರೋಲ್ ಟ್ರಕ್ಕು, ಆರು ಸಿಲಿಂಡರ್, ಕಾರ್ಬುರೇಟರ್ ಇಂಜಿನ್ನು, ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚೋದು) ಒಳಗೆ ಪಾಯಿಂಟ್ ಸೆಟ್ (ಕಾಯಿಲ್ ಕರೆಂಟನ್ನ ಹಾಕಿ ಕಡಿಯೋ ಸಣ್ಣ ಸ್ವಿಚ್ಚು) ಇರೋದು. ತಿಂಗಳುಗಟ್ಟಲೆ ನಿಂತಿತ್ತು. ಈಗ ಬ್ಯಾಟರಿ ಹೊಸದು, ಪ್ಲಗ್ಗೂ ಹೊಸದು, ಸೆಲ್ಫ್ ಜೋರಾಗೇ ತಿರುಗುತ್ತೆ, ಆದ್ರೆ ಒಂದ್ಸಲಾನೂ ಎತ್ಕೊಳ್ಳಲ್ಲ. ಗೊತ್ತಿರೋರೆಲ್ಲ ಕಾರ್ಬುರೇಟರ್ ಹೋಗಿದೆ, ಬದಲಾಯ್ಸು ಅಂತಾರೆ. ಬದಲಾಯಿಸ್ಲಾ?

ಉತ್ತರ: ಬೇಡ, ಸ್ವಲ್ಪ ತಡೀರಿ. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಎಲ್ಲರೂ ಮೊದ್ಲು ಬಯ್ಯೋದು ಪೆಟ್ರೋಲಿಗೆ ಗಾಳಿ ಬೆರೆಸೋ ಈ ಕಾರ್ಬುರೇಟರ್‌ಗೇನೇ, ಬಾನೆಟ್ ಎತ್ತಿದ ತಕ್ಷಣ ಕಣ್ಣಿಗೆ ಬೀಳೋದು ಅದೇ ಅಲ್ವಾ. ಆದ್ರೆ ಕಾರ್ಬುರೇಟರ್ ಅರ್ಧಂಬರ್ಧ ಕೆಟ್ಟಿದ್ರೂ ಇಂಜಿನ್ನು ಒಂದೆರಡು ಸಲ ಆದ್ರೂ ಎತ್ಕೊಂಡು ಆಫ್ ಆಗುತ್ತೆ, ನಿಮ್ಮದು ಅದನ್ನೂ ಮಾಡ್ತಿಲ್ಲ ಅಂದ್ರೆ ನನ್ನ ಅನುಮಾನ ಪ್ಲಗ್ಗಿಗೆ ಕಿಡಿ ಕೊಡೋ ಕರೆಂಟ್ ಮೇಲೆ.

ಆದ್ರೂ ಪೆಟ್ರೋಲ್ ನೋಡೋದು ಒಂದು ನಿಮಿಷದ ಕೆಲಸ, ಅದನ್ನ ಮೊದ್ಲು ಮುಗಿಸಿ. ಇಂಜಿನ್ ಆಫ್ ಇರಲಿ, ಕೀ ತೆಗೀರಿ, ಏರ್ ಫಿಲ್ಟರ್ ಬಿಚ್ಚಿ, ಕಾರ್ಬುರೇಟರ್ ಬಾಯಿಗೆ ಅಡ್ಡ ಇರೋ ಚೋಕ್ ಪ್ಲೇಟನ್ನ ಬೆರಳಲ್ಲಿ ತೆರೆದು ಹಿಡ್ಕೊಂಡು ಟಾರ್ಚ್ ಬಿಟ್ಟು ಆ ಬಾಯೊಳಗೆ ನೋಡ್ತಾ ಇನ್ನೊಂದು ಕೈಲಿ ಥ್ರಾಟಲ್ ಲಿವರ್ ಪೂರ್ತಿ ಎಳೀರಿ. ಒಳಗಡೆ ಸಣ್ಣ ನಳಿಗೆಯಿಂದ ಪೆಟ್ರೋಲ್ ದಾರದ ಹಾಗೆ ಚಿಮ್ಮಬೇಕು. ಚಿಮ್ಮಿತು ಅಂದ್ರೆ ಫ್ಲೋಟ್ ಬೌಲ್‌ನಲ್ಲಿ (ಕಾರ್ಬುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಪೆಟ್ರೋಲ್ ಇದೆ, ಆಕ್ಸಿಲರೇಟರ್ ಪಂಪ್ ಕೆಲಸ ಮಾಡ್ತಿದೆ, ಸ್ಟಾರ್ಟ್ ಆಗೋಕೆ ಅಷ್ಟು ಸಾಕು. ಚಿಮ್ಮಲಿಲ್ಲ ಅಂದ್ರೆ ಬೌಲ್ ಒಣಗಿರಬೇಕು ಅಥವಾ ಪಂಪಿನ ವಾಷರ್ ಗಟ್ಟಿಯಾಗಿರಬೇಕು. ಆಗ ಬೌಲಿನ ವೆಂಟ್ ಪೈಪಿಂದ ಸಣ್ಣ ಬಾಟಲಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ, ಫಿಲ್ಟರ್ ವಾಪಸ್ ಕೂರ್ಸಿ, ಸೆಲ್ಫ್ ಹೊಡೀರಿ. ಬಾಯಿಗೇ ನೇರ ಸುರಿಯೋರು ಇದಾರೆ, ದಯವಿಟ್ಟು ಬೇಡ, ಒಂದು ಬ್ಯಾಕ್‌ಫೈರ್ ಬಂದ್ರೆ ಕೈ ಮುಖ ಎಲ್ಲ ಸುಟ್ಕೊಳ್ತೀರ. ಹೀಗೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಓಡಿ ನಿಂತ್ರೆ ಸಂತೋಷ ಪಡಿ, ಕಾರ್ಬುರೇಟರೂ ಕರೆಂಟೂ ಎರಡೂ ಸರಿ ಇವೆ, ಪೆಟ್ರೋಲ್ ಮುಂದಕ್ಕೆ ಬರ್ತಿಲ್ಲ ಅಷ್ಟೇ. ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಫ್ಯೂಯಲ್ ಪಂಪಿನ ಡಯಾಫ್ರಮ್ (ಒಳಗಿನ ಪರದೆ), ಟ್ಯಾಂಕಿಂದ ಪಂಪಿಗೆ ಬರೋ ರಬ್ಬರ್ ಪೈಪ್, ಫಿಲ್ಟರ್, ಟ್ಯಾಂಕ್ ಮುಚ್ಚಳದ ಗಾಳಿ ತೂತು ನೋಡಿ. ಆ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ರೆ ಹೊರಗಡೆ ಒಂದು ಹನೀನೂ ಸೋರಲ್ಲ, ಪಂಪು ಪೆಟ್ರೋಲ್ ಬದಲು ಗಾಳಿ ಎಳ್ಕೊಳ್ತಾ ಇರುತ್ತೆ, ಇದನ್ನ ಹುಡುಕೋರು ಕಮ್ಮಿ. ಹಾಗೇ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಡಯಾಫ್ರಮ್ ಹರಿದು ಇಂಜಿನ್ ಆಯಿಲ್ ಒಳಗೆ ಇಳೀತಿರಬಹುದು, ಆಯಿಲ್ ಬದಲಾಯಿಸ್ದೆ ಓಡಿಸ್ಬೇಡಿ. ಟ್ಯಾಂಕಲ್ಲಿರೋ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೀತಿದ್ರೆ ಅದನ್ನೂ ಪೂರ್ತಿ ಇಳಿಸ್ಬಿಡಿ.

ಇನ್ನು ಕರೆಂಟ್. ಪ್ಲಗ್ ವಯರಿಗೆ ಸ್ಪಾರ್ಕ್ ಟೆಸ್ಟರ್ ಹಾಕಿ, ಕಾರ್ಬುರೇಟರಿಂದ ದೂರ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಸೆಲ್ಫ್ ಹೊಡೆಸಿ. ಚಟ್ ಚಟ್ ಅಂತ ನೀಲಿ ಕಿಡಿ ಬಂದ್ರೆ ಒಳ್ಳೇದು, ಹಳದಿ ಬಣ್ಣಕ್ಕೆ ಸಪ್ಪೆಯಾಗಿ ಬಂದ್ರೆ ಬಂದ್ರೂ ಬರದೇ ಇದ್ದಂಗೇ. ಏನೂ ಇಲ್ಲ ಅಂದ್ರೆ ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್ ತಗೊಳ್ಳಿ. ಕೀ ಆನ್ ಮಾಡಿ ಇಗ್ನಿಷನ್ ಕಾಯಿಲ್‌ನ (ಬ್ಯಾಟರಿ ವೋಲ್ಟೇಜನ್ನ ಕಿಡಿ ಬರೋಷ್ಟು ಏರಿಸೋದು) ಪ್ಲಸ್ ಕಡೆ ಮುಟ್ಟಿಸಿದ್ರೆ ಹತ್ತಬೇಕು, ಹತ್ತಲಿಲ್ಲ ಅಂದ್ರೆ ಕೀಯಿಂದ ಕಾಯಿಲ್‌ಗೆ ಬರೋ ವಯರಿಂಗ್ ಹುಡುಕಿ. ಹತ್ತಿದ್ರೆ ಈಗ ಮೈನಸ್ ಕಡೆ ಇಟ್ಟು ಸೆಲ್ಫ್ ಹೊಡೆಸಿ, ಲ್ಯಾಂಪು ಮಿಣುಕ್ ಮಿಣುಕ್ ಅಂತಿರಬೇಕು, ಪಾಯಿಂಟ್ ತೆಗೆದು ಮುಚ್ಚೋ ಲೆಕ್ಕಕ್ಕೆ. ಒಂದೇ ಸಮ ಉರೀತಾ ಇದೆ ಅಂದ್ರೆ ಪಾಯಿಂಟ್ ಕಾಂಟ್ಯಾಕ್ಟ್ ಆಗ್ತಿಲ್ಲ, ಮತ್ತೆ ತಿಂಗಳುಗಟ್ಟಲೆ ನಿಂತ ಗಾಡಿಗೆ ನಾನು ಮೊದ್ಲು ಊಹಿಸೋದೇ ಇದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಪಾಯಿಂಟ್ ಬಾಯಿ ನೋಡಿದ್ರೆ ಬೂದು ಬಣ್ಣದ ತೆಳು ಪೊರೆ ಕೂತಿರುತ್ತೆ, ಕಣ್ಣಿಗೆ ಏನೂ ಅಲ್ಲ ಅನ್ಸುತ್ತೆ ಆದ್ರೆ ಕರೆಂಟಿಗೆ ಅದೇ ಗೋಡೆ. ಪಾಯಿಂಟ್ ಫೈಲಲ್ಲಿ ಹಗುರಕ್ಕೆ ಉಜ್ಜಿ, ಒಣ ಕಾಗದ ಎಳೆದು ಪುಡಿ ತೆಗೀರಿ, ಗ್ಯಾಪು ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು ಬರುತ್ತೆ, ನಿಮ್ಮ ಗಾಡಿ ಮ್ಯಾನುಯಲ್ ಏನು ಹೇಳುತ್ತೋ ಅದಕ್ಕೇ ಇಡಿ. ಲ್ಯಾಂಪು ಹತ್ತೋದೇ ಇಲ್ಲ ಅಂದ್ರೆ ಪಾಯಿಂಟ್ ತೆರೀತಿಲ್ಲ, ಇಲ್ಲಾ ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿರೋ ಸಣ್ಣ ಕೆಪಾಸಿಟರ್) ಶಾರ್ಟು, ಇಲ್ಲಾ ಕಾಯಿಲ್ ಒಳಗಿನ ತಂತಿ ತುಂಡು. ಮಿಣುಕ್ತಾ ಇದೆ, ಆದ್ರೂ ಕಾಯಿಲ್‌ನ ನಡುವಿನ ದಪ್ಪ ವಯರಲ್ಲಿ ಕಿಡಿ ಇಲ್ಲ ಅಂದ್ರೆ ಕಂಡೆನ್ಸರ್ ಇಲ್ಲಾ ಕಾಯಿಲ್. ಅಲ್ಲಿ ಕಿಡಿ ಇದೆ ಪ್ಲಗ್ ವಯರಲ್ಲಿ ಮಾತ್ರ ಇಲ್ಲ ಅಂದ್ರೆ ಕ್ಯಾಪ್ ಮತ್ತೆ ಅದರೊಳಗೆ ತಿರುಗೋ ರೋಟರ್, ಒಳಗೆ ತೇವ ಇದ್ಯಾ, ಪೆನ್ಸಿಲ್ ಗೆರೆ ಎಳೆದಂಗೆ ಕಪ್ಪು ಗೀರು ಇದ್ಯಾ ನೋಡಿ.

ಪೆಟ್ರೋಲೂ ಇದೆ ಕಿಡೀನೂ ಇದೆ ಆದ್ರೂ ಆಗ್ತಿಲ್ಲ ಅಂದ್ರೆ ಟೈಮಿಂಗ್ (ಕಿಡಿ ಸರಿಯಾದ ಹೊತ್ತಿಗೆ ಬರೋದು) ಮತ್ತೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ. ಸೆಲ್ಫ್ ಯಾವಾಗ್ಲೂ ಇಲ್ದಿರೋ ಅಷ್ಟು ಸಲೀಸಾಗಿ ಗರಗರ ತಿರುಗ್ತಾ ಇದ್ರೆ ಖುಷಿ ಪಡಬೇಡಿ, ಕಂಪ್ರೆಷನ್ನೇ ಇಲ್ದಿರಬಹುದು. ಮತ್ತೆ ಸೆಲ್ಫನ್ನ ಒಂದೇ ಸಮ 10 ಸೆಕೆಂಡಿಗಿಂತ ಜಾಸ್ತಿ ಹೊಡೀಬೇಡಿ, ನಡುನಡುವೆ ತಣ್ಣಗಾಗೋಕೆ ಬಿಡಿ.

ಪ್ರಶ್ನೆ: ಕೀ ತಿರುಗ್ಸಿದಾಗ ಇಂಜಿನ್ ಸ್ಟಾರ್ಟ್ ಆಗುತ್ತೆ, ಕೀ ಬಿಟ್ಟ ತಕ್ಷಣ ಆಫ್. ಪ್ರತಿ ಸಲಾನೂ ಇದೇ. ಕಾರ್ಬುರೇಟರ್ ಸರ್ವೀಸ್ ಮಾಡ್ಸಿದೀನಿ.

ಉತ್ತರ: ಅದಕ್ಕೂ ಕಾರ್ಬುರೇಟರ್‌ಗೂ ಸಂಬಂಧ ಇಲ್ಲ ಅನ್ಸುತ್ತೆ, ಬಲಾಸ್ಟ್ ರೆಸಿಸ್ಟರ್ ನೋಡಿ. ಹಳೇ ಗಾಡಿಗಳಲ್ಲಿ ತುಂಬಾದಕ್ಕೆ ಸೆಲ್ಫ್ ತಿರುಗೋವಾಗ ಬ್ಯಾಟರಿ ಕರೆಂಟು ನೇರ ಕಾಯಿಲ್‌ಗೆ ಹೋಗುತ್ತೆ, ಕೀ ಬಿಟ್ಟ ಮೇಲೆ ಈ ರೆಸಿಸ್ಟರ್ ದಾಟಿ ಕಮ್ಮಿಯಾಗಿ ಹೋಗುತ್ತೆ. ಅದರ ತಂತಿ ಒಳಗೆ ತುಂಡಾಗಿದ್ರೆ ನೀವು ಹೇಳಿದ ಹಾಗೇ ಆಗೋದು. ಕೀ ಆನ್ ಮಾಡಿ ಎರಡೂ ತುದಿಗೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ, ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತಲಿಲ್ಲ ಅಂದ್ರೆ ರೆಸಿಸ್ಟರ್ ಹೋಗಿದೆ, ಎರಡೂ ಕಡೆ ಇಲ್ಲ ಅಂದ್ರೆ ಇಗ್ನಿಷನ್ ಸ್ವಿಚ್ಚೋ ಅದರ ವಯರೋ. ರೆಸಿಸ್ಟರ್ ತೆಗೆದು ನೇರ ವಯರ್ ಎಳೆದು ಕೊಡೋ ಮೆಕ್ಯಾನಿಕ್‌ಗಳು ಇದಾರೆ, ಒಪ್ಕೋಬೇಡಿ, ಕಾಯಿಲ್ ಕಾಯುತ್ತೆ, ಪಾಯಿಂಟ್ ಸುಟ್ಟೋಗುತ್ತೆ.

ಪ್ರಶ್ನೆ: ಬೆಳಿಗ್ಗೆ ತಣ್ಣಗಿದ್ದಾಗ ಆರಾಮಾಗಿ ಸ್ಟಾರ್ಟ್ ಆಗುತ್ತೆ, ಓಡಿಸಿ ನಿಲ್ಸಿ ಸ್ವಲ್ಪ ಹೊತ್ತಾದ ಮೇಲೆ ಹೊಡೆದ್ರೆ ಆಗಲ್ಲ. ಏನ್ ಮಾಡೋದು?

ಉತ್ತರ: ಇಂಜಿನ್ ನಿಲ್ಸಿದ ಮೇಲೆ ಅದರ ಶಾಖ ಮೇಲೇರಿ ಬೌಲಲ್ಲಿರೋ ಪೆಟ್ರೋಲ್ ಕುದ್ದು ಇಂಜಿನ್ನಿಗೆ ಹೋಗೋ ಪೈಪಿಗೆ, ಅಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಇಳಿಯುತ್ತೆ, ಹಂಗಾಗಿ ಓವರ್‌ಫ್ಲೋ ಆಗಿರುತ್ತೆ. ಪೆಟ್ರೋಲ್ ವಾಸನೆ ಗಪ್ಪಂತ ಬರ್ತಿದ್ರೆ ಇದೇ. ಚೋಕ್ ಎಳೀಬೇಡಿ, ಆಕ್ಸಿಲರೇಟರ್ ಪಂಪ್ ಮಾಡ್ಬೇಡಿ, ಪೂರ್ತಿ ನೆಲಕ್ಕೆ ಒತ್ತಿ ಹಾಗೇ ಹಿಡ್ಕೊಂಡು ಸೆಲ್ಫ್ ಹೊಡೀರಿ, ಗಾಳಿ ಜಾಸ್ತಿ ಹೋಗಿ ಎತ್ಕೊಳ್ಳುತ್ತೆ. ವಾಸನೆ ಇಲ್ಲ, ಮೇಲೆ ಹೇಳಿದ ಹಾಗೆ ಥ್ರಾಟಲ್ ಎಳೆದ್ರೆ ಚಿಮ್ಮೋದೂ ಇಲ್ಲ ಅಂದ್ರೆ ಪೈಪು ಅಥವಾ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಅಡ್ಡ ಕೂತಿದೆ, ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ರ ಹಾದು ಹೋಗ್ತಿದ್ರೆ ದೂರ ಸರಿಸಿ. ಪೆಟ್ರೋಲ್ ಎಲ್ಲ ಸರಿ ಇದ್ರೆ ಅದೇ ಬಿಸೀಲಿ ಸ್ಪಾರ್ಕ್ ಟೆಸ್ಟ್ ಮಾಡಿ, ತಣ್ಣಗಿದ್ದಾಗ ಚೆನ್ನಾಗಿದ್ದು ಕಾದ ಮೇಲೆ ಕೈಕೊಡೋ ಕಾಯಿಲ್‌ಗಳಿಗೇನೂ ಬರ ಇಲ್ಲ, ತಣ್ಣಗಾದ್ಮೇಲೆ ಟೆಸ್ಟ್ ಮಾಡಿದ್ರೆ ಅದು ಸಿಕ್ಕಿ ಬೀಳಲ್ಲ.