ಅಪ್ಪನ ಕ್ಯಾಲೆಂಡರ್ ಹಾಳೆಯೇ ನಿಮ್ಮ ಲೇಖನ

ನಮಸ್ಕಾರ.

ಪ್ರಕಟಣೆಗೆ ಅಂತ ನೀವು ಕಳಿಸಿದ ‘ನನ್ನಪ್ಪ ಎಂಬ ಹಿಮಾಲಯ’ ಲೇಖನ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಇದು ಈಗಿರುವ ಹಾಗೆ ಅಚ್ಚಿಗೆ ಹೋಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ. ನಿಮ್ಮ ಹತ್ತಿರ ಒಂದು ಒಳ್ಳೆಯ ಬರಹ ಇದೆ, ಅದಿನ್ನೂ ಹಾಳೆಗೆ ಬಂದಿಲ್ಲ ಅಷ್ಟೇ. ಅಪ್ಪನ ಬಗ್ಗೆ ಬರೆದು ಕಳಿಸುವವರು ನಮ್ಮಲ್ಲಿ ತುಂಬಾ ಜನ. ಅವರಿಗೂ ಉಪಯೋಗವಾಗಲಿ ಅಂತ ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಈ ಉತ್ತರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಲೇಖನ ಓದದವರಿಗೆ ವಿಷಯ ಹೀಗಿದೆ. ಇವರ ತಂದೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದವರು. ಮಾತು ಕಡಿಮೆ. ಯಾರ ಹತ್ತಿರವೂ ಒಂದು ಕಾಫಿ ಸಹ ಕುಡಿಯದವರು. ಮಕ್ಕಳನ್ನು ಎತ್ತಿ ಮುದ್ದು ಮಾಡಿದ್ದನ್ನು ಯಾರೂ ಕಂಡಿಲ್ಲ. ಹೋದ ವರ್ಷ ತೀರಿಕೊಂಡರು. ತಿಥಿ ಎಲ್ಲಾ ಮುಗಿದ ಮೇಲೆ ಅಟ್ಟ ಗುಡಿಸಲು ಹತ್ತಿದ ಮಗಳಿಗೆ, ಸುತ್ತಿ ದಾರ ಕಟ್ಟಿಟ್ಟಿದ್ದ ಹಳೇ ಗೋಡೆ ಕ್ಯಾಲೆಂಡರುಗಳು ಸಿಕ್ಕವು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಇವುಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ಅಪ್ಪ ಮಗಳ ಬಗ್ಗೆ ಬರೆದುಕೊಂಡಿದ್ದರು.

ಇಷ್ಟು ಕೇಳಿದರೇ ಎದೆ ಒಂದು ಕ್ಷಣ ನಿಲ್ಲುತ್ತದೆ ಅಲ್ವಾ? ಆದರೆ ನಿಮ್ಮ ಆರು ಪುಟದಲ್ಲಿ ಕ್ಯಾಲೆಂಡರಿಗೆ ಸಿಕ್ಕಿರುವುದು ಬರೀ ನಾಲ್ಕು ಸಾಲು. ಉಳಿದಿದ್ದೆಲ್ಲ ‘ಪ್ರಾಮಾಣಿಕತೆಯ ಪ್ರತಿರೂಪ’, ‘ತ್ಯಾಗಮಯಿ’, ‘ಮೌನದ ಮಹಾಮೂರ್ತಿ’. ಈ ಮಾತುಗಳನ್ನು ಯಾರ ಅಪ್ಪನಿಗೆ ಬೇಕಾದರೂ ಅಂಟಿಸಬಹುದು. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ದಿನಾ ನೋಡುತ್ತೇವೆ. ನಿಮ್ಮ ಅಪ್ಪ ಅದರೊಳಗೆ ಎಲ್ಲಿದ್ದಾರೆ ಅಂತ ಹುಡುಕಿ ಹುಡುಕಿ ನನಗೆ ಸಿಕ್ಕಿದ್ದು ಎರಡೇ ಕಡೆ.

ಒಂದು, ಗೂಡಿನ ಪ್ರಸಂಗ. ಏಳನೇ ಕ್ಲಾಸಿನಲ್ಲಿ ವಸ್ತುಪ್ರದರ್ಶನಕ್ಕೆ ಹೂವು ಮಾಡಲು ನಾಲ್ಕು ಗೂಡು ತಂದುಕೊಡಿ ಅಂತ ನೀವು ಕೇಳಿದಿರಿ, ಅವರು ಕೊಡಲಿಲ್ಲ. ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ತಕ್ಷಣ ಪ್ರಾಮಾಣಿಕತೆ ಬಗ್ಗೆ ಮುಕ್ಕಾಲು ಪುಟ ಭಾಷಣ ಹಾಕಿದ್ದೀರಿ. ಭಾಷಣ ಪೂರ್ತಿ ತೆಗೆಯಿರಿ. ಆ ಒಂದು ವಾಕ್ಯವನ್ನು ಒಂದು ಪುಟ ಮಾಡಿ. ಒಂದು ಹಸಿ ಗೂಡು ಸುಮಾರು ಎರಡು ಗ್ರಾಂ ತೂಗುತ್ತದೆ, ನಾಲ್ಕು ಗೂಡು ಅಂದರೆ ಏಳೆಂಟು ಗ್ರಾಂ. ಮಾರುಕಟ್ಟೆಯ ನೆಲದಲ್ಲಿ ಜನರ ಕಾಲಿಗೆ ಸಿಕ್ಕಿ ಹಾಳಾಗುವ ಗೂಡೇ ಅದಕ್ಕಿಂತ ಜಾಸ್ತಿ. ಇದು ಅವರಿಗೆ ಗೊತ್ತಿರಲಿಲ್ಲವೇ? ದಿನವಿಡೀ ತೂಕ ಬರೆಯುವ ಮನುಷ್ಯ. ಗೊತ್ತಿದ್ದೂ ಕೊಡಲಿಲ್ಲ. ನನಗೆ ಬೇಕಿರುವುದು ಆ ಸಂಜೆ. ನೀವು ಕೇಳಿದಾಗ ಅವರು ಏನು ಮಾಡುತ್ತಿದ್ದರು, ಶರ್ಟು ಬಿಚ್ಚಿ ಮೊಳೆಗೆ ಹಾಕುತ್ತಿದ್ದರಾ, ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದರಾ? ಅತ್ತಿರಾ? ಅಮ್ಮ ನಡುವೆ ಬಾಯಿ ಹಾಕಿದರಾ? ಕೊನೆಗೆ ಪ್ರದರ್ಶನಕ್ಕೆ ಏನು ಒಯ್ದಿರಿ? ಇದನ್ನು ನೀವು ಬರೆದೇ ಇಲ್ಲ, ನಾನು ಮಾತ್ರ ಪುಟ ತಿರುಗಿಸುತ್ತಾ ಅದಕ್ಕೇ ಕಾಯುತ್ತಿದ್ದೆ.

ಅವರ ಬಾಯಿಂದ ಹೇಳಿಸಿರುವ ಮಾತಂತೂ ಬೇಡವೇ ಬೇಡ. ‘ಮಗಳೇ, ಪ್ರಾಮಾಣಿಕತೆಯೇ ಮಾನವನ ನಿಜವಾದ ಆಸ್ತಿ.’ ಶಿಡ್ಲಘಟ್ಟದ ಯಾವ ಅಪ್ಪ ಹೀಗೆ ಮಾತಾಡುತ್ತಾನೆ? ಅದೂ ನೀವೇ ಮಾತು ಕಡಿಮೆ ಅಂದ ಅಪ್ಪ! ‘ಅದು ನಮ್ದಲ್ಲ’ ಅಂದಿರಬಹುದು. ಏನೂ ಅನ್ನದೆ ಒಳಗೆ ಹೋಗಿರಲೂಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಒಟ್ಟಿಗೆ ನಡೆಯುತ್ತವೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಅವರು ಬೈಯುವಾಗ ಯಾವುದರಲ್ಲಿ ಬೈಯುತ್ತಿದ್ದರು, ಸಮಾಧಾನ ಹೇಳುವಾಗ ಯಾವುದರಲ್ಲಿ, ಇದು ನಿಮಗೆ ಮಾತ್ರ ಗೊತ್ತು. ಅವರು ಆಡಿದ ಮಾತೇ ಬರಲಿ. ನೆನಪಿಲ್ಲದಿದ್ದರೆ ಸುಮ್ನೆ ಬಿಡಿ, ಕಟ್ಟಿ ಹಾಕಬೇಡಿ.

ಹುಳುವಿನ ಹೋಲಿಕೆಯನ್ನೂ ತೆಗೆಯಿರಿ. ‘ರೇಷ್ಮೆಹುಳುವಿನಂತೆ ತನ್ನನ್ನು ತಾನು ಸುಟ್ಟುಕೊಂಡು ನಮಗೆ ಬಟ್ಟೆಯಾದರು’ ಅಂತ ಬರೆದಿದ್ದೀರಿ. ಹುಳು ತನ್ನನ್ನು ತಾನು ಸುಟ್ಟುಕೊಳ್ಳುವುದಿಲ್ಲ. ಅದು ಚಿಟ್ಟೆಯಾಗಿ ಹೊರಗೆ ಬರಲು ಗೂಡು ಕಟ್ಟುತ್ತದೆ, ಗೂಡು ತೂತಾದರೆ ನೂಲು ಕಡಿದುಹೋಗುತ್ತದೆ ಅಂತ ಹಬೆಗಿಟ್ಟು ಕೊಲ್ಲುವವರು ನಾವು. ನಾಲ್ಕು ಜ್ವರ ದಾಟಿ, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾದ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬೀಳುವುದನ್ನು ನೋಡಿ ಬೆಳೆದ ಊರಿನವರು ನೀವು. ನಿಮ್ಮ ಕೈಯಿಂದಲೇ ಈ ತಪ್ಪು ಬಂದರೆ ಓದುಗ ಮುಂದಿನ ಮಾತನ್ನೂ ಅನುಮಾನದಿಂದಲೇ ಓದುತ್ತಾನೆ. ಊರಿನ ವಿಷಯ ಬರೆಯಬೇಕಾ? ಬಸ್ಸು ಇಳಿಯುವಾಗ ಮೂಗಿಗೆ ಬಡಿಯುವ ನೂಲು ಬಿಚ್ಚುವ ಮನೆಗಳ ವಾಸನೆ ಇದೆಯಲ್ಲ, ಬೇಯಿಸಿದ ಹುಳುವಿನದು, ಅದು ಅಪ್ಪನ ಶರ್ಟಿಗೂ ಅಂಟಿರುತ್ತಿತ್ತಾ? ಅದನ್ನು ಬರೆಯಿರಿ.

ಇನ್ನೊಂದು ಸಣ್ಣ ತಿದ್ದುಪಡಿ. ಏಳನೇ ಕ್ಲಾಸಿನ ಕಥೆ ಹೇಳುವಾಗ ‘ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ’ ಅಂದಿದ್ದೀರಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನೀವು ಏಳನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಅಪ್ಪ ಅರ್ಜಿಯಲ್ಲಿ, ಕವರಿನ ಮೇಲೆ ಬರೆಯುತ್ತಿದ್ದುದು ಕೋಲಾರ ಜಿಲ್ಲೆ ಅಂತಲೇ.

ಈಗ ಎರಡನೆಯದು, ಕ್ಯಾಲೆಂಡರು. ಲೇಖನದ ಜೊತೆ ನೀವೊಂದು ಫೋಟೋ ಕಳಿಸಿದ್ದೀರಿ, 2003ರ ಅಕ್ಟೋಬರ್ ಹಾಳೆ. ಆಗ ನೀವು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಿರಿ. ಲೇಖನದಲ್ಲಿ ಇದರ ಬಗ್ಗೆ ಇರುವುದು ‘ನಾನು ಬಂದ ದಿನ, ಹೋದ ದಿನ ಗುರುತು ಹಾಕಿದ್ದರು, ನೋಡಿ ಕಣ್ಣು ತುಂಬಿ ಬಂತು’ ಅಂತ ಮಾತ್ರ. ನಾನು ಫೋಟೋ ದೊಡ್ಡದು ಮಾಡಿಕೊಂಡು ಒಂದೊಂದೇ ತಾರೀಕಿನ ಮನೆ ಓದಿದೆ. ತಿಂಗಳ ಮೊದಲಿಂದ ಪ್ರತಿ ತಾರೀಕಿನ ಮೂಲೆಯಲ್ಲೂ ‘½’. ಅರ್ಧ ಲೀಟರ್ ಹಾಲು. 23ರಲ್ಲಿ ‘ಪುಟ್ಟಿ ಬಂತು’, ಪಕ್ಕದಲ್ಲಿ ‘1’. ದೀಪಾವಳಿ ಹಬ್ಬದ ದಿನಗಳಲ್ಲೆಲ್ಲ ‘1’. 27ರಲ್ಲಿ ‘ಪುಟ್ಟಿ ಹೋಯ್ತು’. ಹೋದ ಮೇಲೆ ಅರ್ಧಕ್ಕೆ ಇಳಿಯಬೇಕಲ್ಲವೇ? 28ರಲ್ಲೂ ‘1’ ಇದೆ. 29ರಲ್ಲೂ ‘1’. 30ಕ್ಕೆ ಮತ್ತೆ ‘½’.

ಇದನ್ನು ನೀವು ಗಮನಿಸಿದ್ದೀರಾ? ಲೇಖನದಲ್ಲಿ ಇಲ್ಲ. ಏಳೆಂಟು ಗ್ರಾಂ ಬಿಡದ ಮನುಷ್ಯ ಎರಡು ದಿನ ಅರ್ಧರ್ಧ ಲೀಟರ್ ಹಾಲು ಜಾಸ್ತಿ ತೆಗೆದುಕೊಂಡಿದ್ದಾರೆ. ಹಾಲಿನವನಿಗೆ ಹೇಳಲು ಮರೆತರೋ, ಹೇಳಲು ಮನಸ್ಸು ಬರಲಿಲ್ಲವೋ ನಾನು ಊಹಿಸಲು ಹೋಗುವುದಿಲ್ಲ, ನೀವೂ ಹೋಗಬೇಡಿ. ಮರೆತಿದ್ದರೂ ಸುಳ್ಳು ಬರೆದಿಲ್ಲ ನೋಡಿ, ಬಂದಷ್ಟನ್ನು ಬಂದ ಹಾಗೇ ಬರೆದಿದ್ದಾರೆ. ಅವರೇ ಹಾಕಿದ ಅಂಕಿ. ಹಾಗೇ ಓದುಗರ ಮುಂದೆ ಇಡಿ. ‘ಕಣ್ಣು ತುಂಬಿ ಬಂತು’ ಅನ್ನುವುದನ್ನು ಹೊಡೆದುಹಾಕಿ. ಕಣ್ಣು ತುಂಬುವುದಿದ್ದರೆ ಓದುವವರಿಗೆ ತುಂಬಲಿ. ಅಮ್ಮನ ಬಾಯಲ್ಲಿ ಬರುವ ‘ನೀನು ಹೋದ ದಿನ ಅವರು ಊಟ ಮಾಡ್ತಿರಲಿಲ್ಲ’ ಅನ್ನುವ ಮಾತು ನಿಜವೇ ಇರಬಹುದು, ಆದರೂ ಕ್ಯಾಲೆಂಡರಿನ ಪಕ್ಕ ಇಟ್ಟರೆ ಎರಡೂ ಸಪ್ಪೆಯಾಗುತ್ತವೆ.

ನನಗೆ ನಿಜವಾಗಿ ತಕರಾರು ಇರುವುದು ಕೊನೆಯ ಪುಟದ ಬಗ್ಗೆ. ‘ಹೊರಗೆ ಕಲ್ಲು, ಒಳಗೆ ಬೆಣ್ಣೆ’ ಅಂದು ಅಪ್ಪನನ್ನು ಎರಡು ಭಾಗ ಮಾಡಿಬಿಟ್ಟಿದ್ದೀರಿ. ಕಟ್ಟುನಿಟ್ಟಿನ ಗುಮಾಸ್ತ ಬೇರೆ, ಯಾರಿಗೂ ಕಾಣದ ಪ್ರೀತಿಯ ಅಪ್ಪ ಬೇರೆ ಅನ್ನುವ ಹಾಗೆ. ನನಗೆ ಆ ಹಾಳೆಯಲ್ಲಿ ಕಂಡದ್ದು ಒಬ್ಬನೇ ಮನುಷ್ಯ. ರೈತನ ಗೂಡು ಒಂದು ಗ್ರಾಂ ಆಚೀಚೆ ಆಗಬಾರದು ಅಂತ ಬರೆದ ಕೈಯೇ ಮಗಳು ಬಂದದ್ದು ಹೋದದ್ದನ್ನೂ ಬರೆದಿದೆ. ತನ್ನ ಪಾಲಿಗೆ ಮುಖ್ಯವಾದದ್ದನ್ನು ಅವರು ಬರೆದಿಡುತ್ತಿದ್ದರು, ಅಷ್ಟೇ, ಬಾಯಲ್ಲಿ ಆಡುತ್ತಿರಲಿಲ್ಲ. ಶಿಡ್ಲಘಟ್ಟದಿಂದ ಬೆಂಗಳೂರು ಎಷ್ಟು ದೂರ ಹೇಳಿ, ಎರಡು ಗಂಟೆ ಬಸ್ಸು. ಅಷ್ಟಕ್ಕೂ ಗುರುತು ಹಾಕಿ, ವರ್ಷ ಕಳೆದ ಮೇಲೆ ಹಾಳೆ ಎಸೆಯದೆ ದಾರ ಕಟ್ಟಿ ಅಟ್ಟಕ್ಕೆ ಇಟ್ಟಿದ್ದಾರೆ. ಇದು ಬಚ್ಚಿಟ್ಟದ್ದೂ ಅಲ್ಲ. ವರ್ಷವಿಡೀ ಗೋಡೆಗೇ ನೇತುಹಾಕಿತ್ತು, ಮನೆಯವರೆಲ್ಲ ದಿನಾ ಅದರ ಮುಂದೆಯೇ ಓಡಾಡಿದ್ದೀರಿ. ಗೂಡಿನ ಪ್ರಸಂಗ ಮತ್ತು ಈ ಹಾಳೆ, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ‘ಕಲ್ಲು, ಬೆಣ್ಣೆ’ ಅಂತ ನೀವು ಹೇಳಿಕೊಡಬೇಕಾದ ಅಗತ್ಯವೇ ಬೀಳುವುದಿಲ್ಲ.

ಒಂದು ವಿಷಯ ಬಿಡಿಸಿ ಹೇಳಬೇಕು. ಅಪ್ಪ ಹೋಗಿ ವರ್ಷ ಕಳೆದಿಲ್ಲ, ಈಗಲೇ ಹೀಗೆ ಕೆದಕಿ ಬರೆಯುವುದು ಕಷ್ಟ, ನನಗೆ ಗೊತ್ತು. ದೊಡ್ಡ ದೊಡ್ಡ ಮಾತುಗಳು ಇಂಥ ಹೊತ್ತಿನಲ್ಲಿ ಆಸರೆ ಕೊಡುತ್ತವೆ, ಅದಕ್ಕೇ ಎಲ್ಲರೂ ಅವನ್ನು ಹಿಡಿದುಕೊಳ್ಳುತ್ತಾರೆ. ಹಾಗಾಗಿ ಅವಸರ ಮಾಡಬೇಡಿ. ಇದಕ್ಕೆ ಕೊನೆಯ ದಿನಾಂಕ ಇಲ್ಲ.

ಬರೆಯಲು ಕೂರುವ ಮೊದಲು ಉಳಿದ ಕ್ಯಾಲೆಂಡರುಗಳನ್ನೂ ಬಿಚ್ಚಿ ನೋಡಿ. ನೀವು ಕೆಲಸಕ್ಕೆ ಸೇರಿದ ತಿಂಗಳು, ಮದುವೆಯ ತಿಂಗಳು, ನಿಮಗೆ ಮಗು ಹುಟ್ಟಿದ ತಿಂಗಳು. ಏನೂ ಬರೆದಿಲ್ಲದಿದ್ದರೆ ಏನೂ ಬರೆದಿಲ್ಲ ಅಂತಲೇ ಬರೆಯಿರಿ. ಅಮ್ಮನನ್ನು ಆ ಎರಡು ದಿನದ ಹಾಲಿನ ಬಗ್ಗೆ ಕೇಳಿ. ಅವರಿಗೂ ನೆನಪಿಲ್ಲದಿದ್ದರೆ ಹಾಗೇ ಬಿಡಿ. ಆರು ಪುಟ ಬೇಡ, ಮೂರು ಸಾಕು. ಹಿಮಾಲಯದ ತಲೆಬರಹ ಬದಲಿಸಿ, ಆ ಹಾಳೆಯ ಇನ್ನೂ ಸ್ಪಷ್ಟವಾದ ಒಂದು ಫೋಟೋ ತೆಗೆದು ಜೊತೆಗೆ ಕಳಿಸಿ. ಅಂಕಿಗಳು ಕಾಣುವ ಹಾಗೆ ಅದನ್ನೂ ಅಚ್ಚು ಹಾಕುತ್ತೇವೆ.