ಪರದೆಯ ಮೇಲೆ ಬಣ್ಣ ಬದಲಾದ ಕ್ಷಣದಿಂದ ಶುರುಮಾಡಿ

ನಮಸ್ಕಾರ.

ಹೆಂಗಸರ ಕಿಬ್ಬೊಟ್ಟೆಯ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳು, ಸ್ಕ್ಯಾನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಇದು ಕನ್ನಡದಲ್ಲಿ ಬರಲೇಬೇಕಾದ ವಿಷಯ.

ಮೊದಲ ಪುಟದಲ್ಲೇ ಹದಿನಾಲ್ಕು ರಕ್ತನಾಳಗಳ ಹೆಸರು ಹೇಳಿದ್ದೀರಿ. ಒಂದೂ ಮನಸ್ಸಲ್ಲಿ ನಿಲ್ಲಲಿಲ್ಲ. ಮೂರನೇ ಪುಟದಲ್ಲಿ ಒಬ್ಬ ಹೆಂಗಸು ಡಾಪ್ಲರ್ ಸ್ಕ್ಯಾನಿಗೆ, ಅಂದರೆ ರಕ್ತ ಹರಿಯುವ ದಿಕ್ಕನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನಿಗೆ, ಮಲಗಿದ್ದಾರೆ. ಉಸಿರು ಬಿಗಿಹಿಡಿದು ತಿಣುಕಿ ಅಂತ ವೈದ್ಯರು ಹೇಳುತ್ತಾರೆ. ಪರದೆಯ ಮೇಲೆ ನೀಲಿಯಾಗಿದ್ದ ನಾಳ ಕೆಂಪಾಗುತ್ತದೆ. ರಕ್ತ ಮೇಲೆ ಹೋಗುವ ಬದಲು ಕೆಳಗೆ ವಾಪಸ್ ಬರುತ್ತಿದೆ! ಲೇಖನ ಇಲ್ಲಿಂದಲೇ ಶುರುವಾಗಬೇಕಲ್ವಾ?

ಆಮೇಲೆ ಕಾರಣ ಹೇಳಿ. ನೀವು ಒಂದೇ ಸಾಲಲ್ಲಿ ಮುಗಿಸಿದ ಸಂಗತಿ ಇದು. ಬಲ ಅಂಡಾಶಯದ ಅಭಿಧಮನಿ ನೇರವಾಗಿ ಹೃದಯಕ್ಕೆ ಹೋಗುವ ದೊಡ್ಡ ಅಭಿಧಮನಿಗೆ ಸೇರುತ್ತದೆ. ಎಡದ್ದು ಹಾಗಲ್ಲ, ಮೇಲಕ್ಕೆ ಹತ್ತಿ ಎಡ ಕಿಡ್ನಿಯ ಅಭಿಧಮನಿಗೆ ಸೇರುತ್ತದೆ. ಆ ಕಿಡ್ನಿಯ ನಾಳವೋ, ಮಹಾಧಮನಿ (ಹೃದಯದಿಂದ ರಕ್ತ ಹೊರಗೊಯ್ಯುವ ದೊಡ್ಡ ಧಮನಿ) ಮತ್ತು ಕರುಳಿಗೆ ಹೋಗುವ ಧಮನಿಯ ನಡುವಿನ ಸಂದಿಯಲ್ಲಿ ತೂರಿ ಹೋಗಬೇಕು. ಅಲ್ಲಿ ಅದು ಅದುಮಿಹೋದರೆ ರಕ್ತ ಹಿಂದಕ್ಕೆ ನುಗ್ಗುತ್ತದೆ. ನಾಳ ಉಬ್ಬುವುದು ಎಡಗಡೆಯೇ ಜಾಸ್ತಿ ಯಾಕೆ ಅನ್ನೋದು ಇಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಇಲ್ಲಿ ಒಂದು ಪುಟ ಪೂರ್ತಿ ತೆಗೆದುಕೊಳ್ಳಿ.

ಇನ್ನು ನನಗೆ ನಿಜಕ್ಕೂ ಬೇಜಾರಾದ ವಿಷಯ. ಎಲ್ಲ ವ್ಯತ್ಯಾಸವನ್ನೂ ‘ದೋಷ’ ಅಂತ ಕರೆದಿದ್ದೀರಿ. ಕೆಲವರಿಗೆ ಒಂದೇ ಬದಿಯಲ್ಲಿ ಒಂದರ ಬದಲು ಎರಡು ಅಂಡಾಶಯದ ಅಭಿಧಮನಿ ಇರುತ್ತವೆ. ಕೆಲವರಿಗೆ ಬಲಗಡೆಯದ್ದೂ ಕಿಡ್ನಿಯ ನಾಳಕ್ಕೇ ಸೇರುತ್ತದೆ. ಇನ್ನು ಕೆಲವರಿಗೆ ಎಡ ಕಿಡ್ನಿಯ ಅಭಿಧಮನಿ ಮಹಾಧಮನಿಯ ಹಿಂದಿನಿಂದ ಹೋಗುತ್ತದೆ. ಹುಟ್ಟಿನಿಂದ ಹಾಗೇ ಇದ್ದು, ಏನೂ ತೊಂದರೆಯಿಲ್ಲದೆ ಬದುಕುವವರೇ ಹೆಚ್ಚು. ಸ್ಕ್ಯಾನ್ ಆಗುವವರೆಗೂ ಅವರಿಗೆ ಗೊತ್ತೇ ಇರುವುದಿಲ್ಲ. ಆದರೂ ವೈದ್ಯರಿಗೆ ಈ ದಾರಿ ತಿಳಿದಿರಬೇಕು, ಆಪರೇಷನ್ ಮಾಡುವಾಗ ಅಥವಾ ನಾಳದೊಳಗೆ ಕ್ಯಾತಿಟರ್ (ಸಣ್ಣ ಕೊಳವೆ) ತೂರಿಸುವಾಗ ಅದು ಬೇಕು. ಇದನ್ನೂ ಬರೆಯಿರಿ.

ಅಂಡಾಶಯದ ನಾಳ ಉಬ್ಬಿ ಕಿಬ್ಬೊಟ್ಟೆ ನೋಯುವ ಕಾಯಿಲೆಯ ಬಗ್ಗೆ ಬರೆದ ‘ನಾಳ 8 ಮಿ.ಮೀ. ದಾಟಿದರೆ ಕಾಯಿಲೆ ಖಚಿತ’ ಅನ್ನುವ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅದು ತಪ್ಪು. ಬಸುರಿಯಲ್ಲಿ ಈ ನಾಳಗಳು ತುಂಬಾ ಹಿಗ್ಗುತ್ತವೆ, ಹೆರಿಗೆಯಾದ ಮೇಲೆ ಎಲ್ಲರಿಗೂ ಮೊದಲಿನಷ್ಟು ಕುಗ್ಗುವುದಿಲ್ಲ. ಹಿಗ್ಗಿದ ನಾಳ ಇದ್ದೂ ನೋವೇ ಇಲ್ಲದ ತಾಯಂದಿರು ಎಷ್ಟೋ ಜನ. ಅಳತೆಯ ಜೊತೆಗೆ ನೋವಿನ ಕಥೆಯೂ ಕೂಡಬೇಕು: ನಿಂತಷ್ಟೂ ಹೆಚ್ಚಾಗುವ, ಸಂಜೆಗೆ ಭಾರವಾಗುವ, ಮಲಗಿದರೆ ಇಳಿಯುವ ನೋವು. ಸ್ಕ್ಯಾನ್ ಮಾಡುವುದು ಸಾಮಾನ್ಯವಾಗಿ ಮಲಗಿಸಿ, ಹಾಗಾಗಿ ನಿಂತಾಗ ತುಂಬಿದ್ದ ನಾಳ ಅಲ್ಲಿ ಸಣ್ಣದಾಗಿ ಕಾಣಬಹುದು. ರಿಪೋರ್ಟ್ ಕೈಯಲ್ಲಿ ಹಿಡಿದು, ನಿದ್ದೆ ಬಾರದೆ ನಿಮ್ಮ ಲೇಖನ ಓದುವ ಹೆಂಗಸನ್ನು ನೆನೆಸಿಕೊಂಡು ಈ ಭಾಗ ಬರೆಯಿರಿ.

ನೀವೇ ಬರೆದ ಚಿತ್ರ ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳೋಣ. ಆದರೆ ಎಡ ಬಲ ಅದಲುಬದಲಾಗಿದೆ. ಸ್ಕ್ಯಾನ್ ಚಿತ್ರದಲ್ಲಿ ರೋಗಿಯ ಎಡಗಡೆ ನಮ್ಮ ಬಲಕ್ಕೆ ಬರುತ್ತದೆ. ಸರಿಮಾಡಿ ಕಳಿಸಿ, ಕಾಯುತ್ತಿರುತ್ತೇನೆ.