ಔದ್‌ನ ಶ್ರುತಿ ಏರಿಸಬಹುದಾ?

ಪ್ರಶ್ನೆ: ನನ್ನದು ಅರಬ್ ಔದ್ (ಗುಂಡು ಬೆನ್ನಿನ, ಮೀಟಿ ನುಡಿಸುವ ತಂತಿವಾದ್ಯ), ಗೆಳೆಯನದು ಟರ್ಕಿಯದು. ಅವನದರ ದನಿ ಚುರುಕು, ನನ್ನದು ಗಂಭೀರ. ಇದು ಮರದ ಗುಣವಾ? ಅವನ ಶ್ರುತಿಗೇ ನಾನೂ ತಂತಿ ಬಿಗಿಯಬಹುದಾ?

ಉತ್ತರ: ಬೇಡ, ಬಿಗಿಯಬೇಡಿ! ಅರಬ್ ಔದ್‌ನ ತಂತಿ ಸಾಮಾನ್ಯವಾಗಿ 61 ಸೆಂ.ಮೀ. ಉದ್ದ, ಟರ್ಕಿಯದು 58.5ರ ಆಸುಪಾಸು, ಶ್ರುತಿಯೂ ಒಂದು ಪೂರ್ಣ ಸ್ವರ ಮೇಲೆ. ಅದೇ ತಂತಿಗಳನ್ನು ಅಷ್ಟು ಏರಿಸಿದರೆ ಎಳೆತ ಸುಮಾರು ಕಾಲು ಭಾಗ ಜಾಸ್ತಿಯಾಗುತ್ತದೆ, ಮುಂದಿನ ಹಲಗೆಗೆ ಬರೀ ಅಂಟಿನಿಂದ ನಿಂತಿರುವ ಕುದುರೆ (ತಂತಿ ಕಟ್ಟುವ ಮರದ ಪಟ್ಟಿ) ಕಿತ್ತು ಬಂದೀತು. ಬೇಕಿದ್ದರೆ ತೆಳು ತಂತಿ ಹಾಕಿಸಿ. ಇನ್ನು ಮರ. ಹಿಂದಿನ ಗುಂಡು ಬುರುಡೆ ವಾಲ್‌ನಟ್ಟೋ ಮಹಾಗನಿಯೋ ಅಂತ ಸುಮ್ನೆ ಜಗಳ ಬೇಡ (ನಾನೂ ಬೇಕಾದಷ್ಟು ಆಡಿದ್ದೇನೆ). ದನಿಯನ್ನು ಹೆಚ್ಚು ತಿದ್ದುವುದು ಮುಂದಿನ ತೆಳು ಸ್ಪ್ರೂಸ್ ಮರದ ಹಲಗೆ, ಅದರ ಒಳಗಿನ ಪಟ್ಟಿಗಳು. ಡಮಾಸ್ಕಸ್‌ನ ನಹಾತ್ ಮನೆತನದ ಔದ್‌ಗಳಿಗೂ ಇಸ್ತಾನ್‌ಬುಲ್‌ನ ಮನೋಲ್ ಮಾಡಿದವಕ್ಕೂ ಹೆಸರು ಬಂದಿದ್ದು ಕೈಚಳಕದಿಂದ ಅಲ್ವಾ?